ಶಿರಾದ ಕುರಿಯಜ್ಜ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವವರು ಯಾರು?

‘ಇಂಜೆಕ್ಷನ್ ಹಾಕ್ಸಿದ್ದೆ ಸಾಬ್ರೆ. ಆದ್ರೂ ಹದಿನೆಂಟು ಹೋದ್ವು. ಯಾಕ್ ಹೋದ್ವು ಅಂತ ನೀವಾದ್ರೂ ಹೇಳಿ.’

ಶಿರಾ ತಾಲೂಕಿನ ಒಂದು ಹಟ್ಟಿಯಲ್ಲಿ, ಕುರಿ ರೊಪ್ಪದ ಪಕ್ಕ ಕಂಬಳಿ ಹಾಸಿ ನಮ್ಮನ್ನು ಕೂರಿಸಿ ಆ ಅಜ್ಜ ಕೇಳಿದ ಮಾತಿದು. ಬಕ್ರೀದ್‌ಗೆ ಮೂರು ವಾರ ಬಾಕಿ ಇತ್ತು. ಕುರಿ ವ್ಯಾಪಾರ ಮಾಡುವ ನಮ್ಮ ಕಾಕನ ಜೊತೆ ಶಿರಾಡಿ ಘಾಟಿ ಹತ್ತಿ, ಹಾಸನ, ಅರಸೀಕೆರೆ, ಹುಳಿಯಾರು ದಾಟಿ ನಾವು ಅಲ್ಲಿಗೆ ಹೋಗಿದ್ದೆವು. ಗಾಡಿಯಲ್ಲಿ ತಂಗಿಯ ಮಗಳೂ ಇದ್ದಳು. ಬಿಎಸ್ಸಿ ಮುಗಿಸಿ ಮನೆಯಲ್ಲಿ ಕುಳಿತಿದ್ದಾಳೆ. ‘ಬೇಜಾರಾಗ್ತದೆ ಮಾಮ, ನಾನೂ ಬರ್ತೇನೆ’ ಅಂತ ಹಟ ಹಿಡಿದು ಹತ್ತಿದ್ದಳು.

ಅಜ್ಜನ ಅರುವತ್ತು ಕುರಿಗಳಲ್ಲಿ ಹದಿನೆಂಟು ಹೋದದ್ದು ಹಿಂದಿನ ಮಳೆಗಾಲದ ಕೊನೆಗೆ. ಮೊದಲು ಜ್ವರ, ಆಮೇಲೆ ಮುಖ ಊದಿಕೊಂಡಿತು, ಬಾಯಲ್ಲಿ ಹುಣ್ಣು, ಮೂಗಿನಲ್ಲಿ ಸಿಂಬಳ, ಕಾಲು ಎಳೆಯುವುದು. ಪಶುವೈದ್ಯರು ನೋಡಿ ನೀಲಿ ನಾಲಿಗೆ ರೋಗ ಅಂದರಂತೆ. ತಂಗಿಯ ಮಗಳು ಕೇಳಿದಳು: ‘ರಕ್ತ ಟೆಸ್ಟ್ ಮಾಡಿದ್ರಾ ಅಜ್ಜಾ?’ ‘ತಗಂಡೋದ್ರು ಕಣವ್ವ. ಏನಾತು ಅಂತ ಇವತ್ತಿಗೂ ಯಾರೂ ಹೇಳ್ಲಿಲ್ಲ’ ಅಂದರು. ಕಾಕ ಆಗಲೇ ಎದ್ದು ಕುರಿಗಳ ಹಲ್ಲು ನೋಡುತ್ತಿದ್ದರು. ಕುರ್ಬಾನಿಗೆ ಕುಂಟಾದ, ರೋಗದ ಪ್ರಾಣಿ ಸಲ್ಲುವುದಿಲ್ಲ ಅಂತ ನಮ್ಮ ಓದುಗರಿಗೆ ಹೇಳಬೇಕಿಲ್ಲ. ಅವರ ಗಮನ ಅಲ್ಲಿತ್ತು. ಹುಡುಗಿಯ ಗಮನ ಮಾತ್ರ ಆ ಕಳೆದುಹೋದ ರಕ್ತದ ಶೀಶೆಯ ಮೇಲೆ.

ವಾಪಸ್ ಬರುವಾಗ ಅರಸೀಕೆರೆ ತನಕ ಆಕೆ ಮಾತಾಡಲಿಲ್ಲ. ಆಮೇಲೆ ಹೇಳಿದಳು: ‘ಅದು ಯಾವ ಟೈಪ್ ಅಂತ ಯಾರೂ ನೋಡಿಲ್ಲ ಮಾಮ. ನೋಡಿದ್ರೆ ಅಜ್ಜನಿಗೆ ಉತ್ತರ ಸಿಗ್ತಿತ್ತು.’ ನಮ್ಮ ಓದು ಪಿಯುಸಿಗೆ ನಿಂತದ್ದು, ಅದೂ ಆರ್ಟ್ಸ್. ಟೈಪ್ ಅಂದರೆ ಏನು ಅಂತ ಕೇಳಿದೆವು. ಆವತ್ತಿನಿಂದ ಶುರುವಾದ ಹುಡುಕಾಟವನ್ನು ಇಲ್ಲಿ ಬರೆಯುತ್ತಿದ್ದೇವೆ. ಮಗಳನ್ನು ಬಿಎಸ್ಸಿ ನಂತರ ಏನು ಓದಿಸುವುದು ಅಂತ ನಮ್ಮಲ್ಲಿ ಕೇಳುವ ಉಮ್ಮಂದಿರೂ ಉಪ್ಪಂದಿರೂ ಬಹಳ ಮಂದಿ. ಅವರಿಗೂ ಇದು ಬೇಕಾದೀತು.

ನೀಲಿ ನಾಲಿಗೆ ರೋಗವನ್ನು ಹರಡುವುದು ಗುಂಗುರಿನಂತಹ ಒಂದು ಸಣ್ಣ ಕೀಟ. ಕೆಸರು, ಒದ್ದೆ ಸಗಣಿ, ಹಿಕ್ಕೆ ಇರುವಲ್ಲಿ ಅದು ಹುಟ್ಟುತ್ತದೆ. ಅದಕ್ಕೇ ಮಳೆ ಚೆನ್ನಾಗಿ ಬಂದ ವರ್ಷ ರೋಗವೂ ಜೋರು. ಮನುಷ್ಯರಿಗೆ ಇದು ಬರುವುದಿಲ್ಲ, ಗಾಬರಿ ಬೇಡ. ನಮ್ಮ ದೇಶದಲ್ಲಿ ಇದು ಮೊದಲು ಕಂಡದ್ದು 1964ರಲ್ಲಿ, ಮಹಾರಾಷ್ಟ್ರದಲ್ಲಿ. ಈಗ ಇದರ ಕಾಟ ಹೆಚ್ಚು ಇರುವುದು ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡಿನ ಕುರಿಗಳಿಗೆ. ಪಾವಗಡ ತಾಲೂಕನ್ನು ನಕ್ಷೆಯಲ್ಲಿ ನೋಡಿ. ಹೆಚ್ಚುಕಡಿಮೆ ಸುತ್ತಲೂ ಆಂಧ್ರ. ಕುರಿ ಮೇಯಿಸುವವರಿಗೆ ಗಡಿಯಾದರೂ ಎಲ್ಲಿದೆ? ಹುಲ್ಲು ಇದ್ದ ಕಡೆ ಹಿಂಡು ಹೋಗುತ್ತದೆ, ಹಿಂಡಿನ ಜೊತೆ ರೋಗವೂ ಹೋಗುತ್ತದೆ.

ಈ ವೈರಸ್ ಒಂದೇ ಹೆಸರಿನದ್ದಾದರೂ ಅದರೊಳಗೆ 24ಕ್ಕೂ ಹೆಚ್ಚು ನಮೂನೆಗಳಿವೆ. ಒಂದು ನಮೂನೆಗೆ ಬಂದ ರೋಗನಿರೋಧಕ ಶಕ್ತಿ ಇನ್ನೊಂದಕ್ಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ನಮ್ಮ ದೇಶದಲ್ಲಿ ತಯಾರಾದ ಲಸಿಕೆ 1, 2, 10, 16, 23 ಎಂಬ ಐದು ನಮೂನೆಗಳಿಗೆ. ದೇಶದಲ್ಲಿ ಕಂಡುಬಂದಿರುವ ನಮೂನೆಗಳೋ ಹತ್ತಕ್ಕಿಂತ ಹೆಚ್ಚು. ಅಜ್ಜನ ರೊಪ್ಪಕ್ಕೆ ಬಂದದ್ದು ಈ ಐದರ ಹೊರಗಿನದ್ದೋ? ಇಂಜೆಕ್ಷನ್ ದಾರಿಯಲ್ಲಿ ಬಿಸಿಯಾಗಿ ಸತ್ತ್ವ ಕಳಕೊಂಡಿತ್ತೋ? ಅಥವಾ ಹಾಕಿದ್ದು ತಡವಾಯಿತೋ? ಮೂರಕ್ಕೂ ಪರಿಹಾರ ಬೇರೆಬೇರೆ. ಮೊದಲನೆಯದಾದರೆ ಲಸಿಕೆಯನ್ನೇ ಬದಲಿಸಬೇಕು. ಎರಡನೆಯದಾದರೆ ಐಸ್ ಪೆಟ್ಟಿಗೆ ಬದಲಿಸಿದರೆ ಸಾಕು.

ಇಷ್ಟಕ್ಕೇ ಮುಗಿಯುವುದಿಲ್ಲ. ಈ ವೈರಸ್ಸಿನ ಒಳಗಿನ ಬರಹ, ಅಂದರೆ ಅದರ ಜೀನೋಮ್, ಹತ್ತು ಬೇರೆಬೇರೆ ತುಂಡುಗಳಾಗಿದೆ. ಒಂದೇ ಕುರಿಗೆ ಒಂದೇ ಹೊತ್ತಿಗೆ ಎರಡು ನಮೂನೆ ತಗಲಿದರೆ ಈ ತುಂಡುಗಳು ಕಲಸಿಹೋಗಿ ಮೂರನೆಯದೊಂದು ಹುಟ್ಟಬಹುದು. ನಮೂನೆ ಯಾವುದು ಅಂತ ತೀರ್ಮಾನ ಮಾಡುವುದು ಮುಖ್ಯವಾಗಿ ಎರಡನೇ ತುಂಡು. ಹತ್ತೂ ತುಂಡುಗಳನ್ನು ಅಕ್ಷರ ಅಕ್ಷರವಾಗಿ ಓದಿದರೆ ಮಾತ್ರ ಇದು ಎಲ್ಲಿಯದ್ದು, ಯಾವುದರ ಜೊತೆ ಕಲಸಿದ್ದು ಅಂತ ಪೂರಾ ಗೊತ್ತಾಗುತ್ತದೆ. ಈ ಓದುವಿಕೆಗೆ ಜೀನೋಮಿಕ್ಸ್ ಅಂತ ಹೆಸರು.

ಓದಿದ ಮಾತ್ರಕ್ಕೆ ‘ಎಲ್ಲಿಂದ ಬಂತು’ ಅಂತ ಹೇಗೆ ಗೊತ್ತಾಗುತ್ತದೆ? ಇದು ನಮಗೆ ತುಂಬಾ ದಿನ ತಲೆಗೆ ಹೋಗಲಿಲ್ಲ. ಕೊನೆಗೆ ತಿಳಿದದ್ದು ಮದ್ರಸದ ಹೋಂವರ್ಕ್ ಪುಸ್ತಕ ನೋಡುವಾಗ! ಮೂವತ್ತು ಮಕ್ಕಳು ಬರೆದುಕೊಂಡು ಬರುತ್ತಾರೆ. ಅದರಲ್ಲಿ ಐದು ಜನರ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಒಂದೇ ತಪ್ಪು ಇದ್ದರೆ ಒಬ್ಬನನ್ನು ನೋಡಿ ನಾಲ್ವರು ಬರೆದಿದ್ದಾರೆ ಅಂತ ಅರ್ಥ. ಆ ಐದರಲ್ಲಿ ಇಬ್ಬರಲ್ಲಿ ಇನ್ನೂ ಒಂದು ಹೊಸ ತಪ್ಪು ಸೇರಿದ್ದರೆ ಅವರಲ್ಲಿ ಒಬ್ಬ ಇನ್ನೊಬ್ಬನದ್ದನ್ನು ನಕಲು ಮಾಡಿದ್ದಾನೆ. ಉತ್ತರ ಸರಿ ಇದ್ದರೆ ಕಳ್ಳ ಸಿಗುವುದಿಲ್ಲ. ಸಿಗುವುದು ತಪ್ಪಿನಿಂದ. ವೈರಸ್ ಕೂಡಾ ತನ್ನನ್ನು ತಾನೇ ನಕಲು ಮಾಡುತ್ತಾ ಹೋಗುತ್ತದೆ, ಆಗಾಗ ಒಂದೊಂದು ಅಕ್ಷರ ತಪ್ಪುತ್ತದೆ. ಆ ತಪ್ಪುಗಳನ್ನು ಹೋಲಿಸಿ ಯಾವುದು ಯಾವುದರ ಮಗು, ಮೊಮ್ಮಗು ಅಂತ ವಂಶವೃಕ್ಷ ಬರೆಯುತ್ತಾರೆ. ಇದನ್ನು ಹೇಳಿದಾಗ ತಂಗಿಯ ಮಗಳು ನಕ್ಕು ‘ಇಷ್ಟೇ ಮಾಮ, ನಮಗೆ ಇದನ್ನೇ ಒಂದು ಸೆಮಿಸ್ಟರ್ ಪಾಠ ಮಾಡಿದ್ರು’ ಅಂದಳು.

ಇದು ಪುಸ್ತಕದ ಮಾತಲ್ಲ, ನಮ್ಮ ಕಣ್ಣೆದುರೇ ನಡೆದಿದೆ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದದ್ದು ಯಾರು ಮರೆತಾರು? ತುಮಕೂರು ಜಿಲ್ಲೆಯ ಹಳ್ಳಿಗಳಲ್ಲೂ ಹಳ್ಳಿಕಾರ್ ಎತ್ತುಗಳ ಮೈಮೇಲೆ ಗಂಟುಗಳು ಎದ್ದವು, ಜಾನುವಾರು ಸಂತೆಗಳು ನಿಂತವು. ದೇಶದಲ್ಲಿ ಒಂದು ಲಕ್ಷದಷ್ಟು ದನಗಳು ಸತ್ತವು. ಆಫ್ರಿಕಾದ ಜಾಂಬಿಯಾದಲ್ಲಿ 1929ರಲ್ಲಿ ಮೊದಲು ಕಂಡ ರೋಗವಿದು. ನಮ್ಮ ದೇಶಕ್ಕೆ ಕಾಲಿಟ್ಟದ್ದು 2019ರಲ್ಲಿ, ಒಡಿಶಾ ಮೂಲಕ. ಆಗ ಇಷ್ಟು ಸಾವು ಇರಲಿಲ್ಲ. ಹಾಗಾದರೆ 2022ರಲ್ಲಿ ಏನಾಯಿತು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉತ್ಪಲ್ ತಾತು ಅವರ ತಂಡ ಇದನ್ನು ಹುಡುಕಲು ಹೊರಟಿತು. ಜೊತೆಗೆ ಪಶುವೈದ್ಯಕೀಯ ಕಾಲೇಜು ಮತ್ತು ಇತರ ಸಂಸ್ಥೆಗಳು. ಗುಜರಾತ್, ಮಹಾರಾಷ್ಟ್ರ, ರಾಜಸ್ಥಾನ, ಕರ್ನಾಟಕದ ಕಾಯಿಲೆ ಬಿದ್ದ ದನಗಳ ಗಂಟು, ರಕ್ತ, ಮೂಗಿನ ದ್ರವ ಸಂಗ್ರಹಿಸಿ 22 ಮಾದರಿಗಳ ಜೀನೋಮ್ ಓದಿದರು. ಎರಡು ಬೇರೆ ವಂಶದ ವೈರಸ್ಸುಗಳು ಒಟ್ಟಿಗೆ ತಿರುಗುತ್ತಿದ್ದವು. ಒಂದು 2019ರಲ್ಲಿ ರಾಂಚಿಯಲ್ಲಿ, 2020ರಲ್ಲಿ ಹೈದರಾಬಾದಿನಲ್ಲಿ ಸಿಕ್ಕಿದ್ದರ ಸಂಬಂಧಿ. ಇನ್ನೊಂದು ಬೇರೆಯೇ. 2015ರಲ್ಲಿ ರಷ್ಯಾದಲ್ಲಿ ರೋಗ ಬಂದಾಗ ಸಿಕ್ಕಿದ ವೈರಸ್ಸಿಗೆ ಹತ್ತಿರದ್ದು. ಒಟ್ಟು 1,800ಕ್ಕೂ ಹೆಚ್ಚು ಕಡೆ ಅಕ್ಷರ ವ್ಯತ್ಯಾಸ ಕಂಡಿತು. ರೊಪ್ಪದಲ್ಲೋ ಕೊಟ್ಟಿಗೆಯಲ್ಲೋ ನಿಂತು ನೋಡಿದರೆ ಎರಡೂ ಒಂದೇ ಗಂಟು, ಒಂದೇ ಜ್ವರ. ನಮ್ಮನ್ನು ಇನ್ನೊಂದು ಸಂಗತಿ ಹಿಡಿದು ನಿಲ್ಲಿಸಿತು. ಆ ಸಂಶೋಧನಾ ಬರಹದ ಮೊದಲ ಹೆಸರು ಪ್ರೊಫೆಸರರದ್ದಲ್ಲ, ಅಂಕೀತ್ ಕುಮಾರ್ ಎಂಬ ಪಿಎಚ್‌ಡಿ ವಿದ್ಯಾರ್ಥಿಯದ್ದು. ಹುಡುಗರೇ ಮಾಡುವ ಕೆಲಸವಿದು.

ಕುರಿ ದನದ ರೋಗ ಕಟ್ಟಿಕೊಂಡು ನಮಗೇನು ಅಂತ ಕೇಳುವವರಿಗೆ ಬ್ರುಸೆಲ್ಲಾ ಕಥೆ ಹೇಳಬೇಕು. ಕುರಿ ಮೇಕೆ ದನಗಳು ತಿಂಗಳು ತುಂಬುವ ಮೊದಲೇ ಕಂದು ಹಾಕುತ್ತವಲ್ಲ, ಅದಕ್ಕೆ ಒಂದು ಕಾರಣ ಈ ಬ್ಯಾಕ್ಟೀರಿಯಾ. ಆ ಕಂದನ್ನೂ ಸತ್ತೆಯನ್ನೂ ಬರಿಗೈಯಲ್ಲಿ ಎತ್ತಿ ಬಿಸಾಡುವವರಿಗೆ, ಹಸಿ ಹಾಲು ಕುಡಿಯುವವರಿಗೆ, ಕುರಿ ಕಡಿಯುವವರಿಗೆ ಇದು ಅಂಟುತ್ತದೆ. ಜ್ವರ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಸೊಂಟ, ಕೀಲು ನೋವು, ರಾತ್ರಿ ಬೆವರು. ಎಷ್ಟೋ ಕಡೆ ಟೈಫಾಯ್ಡ್ ಅಂತಲೇ ಮದ್ದು ಕೊಡುತ್ತಾರೆ. ನಮ್ಮ ಪೇಟೆಯ ಮಾಂಸದಂಗಡಿಯಲ್ಲಿ ಮೂವತ್ತು ವರ್ಷ ದುಡಿದ ನಮ್ಮ ದೂರದ ಸಂಬಂಧಿಯೊಬ್ಬರು ಎರಡು ವರ್ಷ ಇಂಥದ್ದೇ ಜ್ವರದಲ್ಲಿ ನರಳಿದರು. ಮೂರು ಆಸ್ಪತ್ರೆ ತಿರುಗಿದರು. ಕೊನೆಗೆ ಒಬ್ಬ ಯುವ ಡಾಕ್ಟರ್ ‘ನೀವು ಏನು ಕೆಲಸ ಮಾಡೋದು?’ ಅಂತ ಕೇಳಿದರಂತೆ. ಅಲ್ಲಿಯ ತನಕ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

2019ರಲ್ಲಿ ಕೇಂದ್ರ ಸರಕಾರ ಕಾಲುಬಾಯಿ ರೋಗದ ಜೊತೆ ಬ್ರುಸೆಲ್ಲಾ ನಿಯಂತ್ರಣದ ಯೋಜನೆಯನ್ನೂ ತಂದಿತು. ಅದರಲ್ಲಿ ಲಸಿಕೆ ಹಾಕುವುದು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ. ಕುರಿ ಮೇಕೆಯಿಂದ ಬರುವ ಬ್ರುಸೆಲ್ಲಾವೇ ಮನುಷ್ಯರಿಗೆ ಹೆಚ್ಚು ಜೋರು. ಮಾಂಸದಂಗಡಿಯವನ ರಕ್ತದಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾದ ಜೀನೋಮನ್ನೂ ಯಾವುದೋ ಹಟ್ಟಿಯ ಕುರಿಯಲ್ಲಿ ಸಿಕ್ಕಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ದಾರಿಯಲ್ಲಿ ರೋಗ ಬಂತು ಅಂತ ಗೊತ್ತಾದೀತು. ಘಟ್ಟದ ಮೇಲಿನ ರೊಪ್ಪಕ್ಕೂ ಕರಾವಳಿಯ ಅಡುಗೆಮನೆಗೂ ನಡುವೆ ಲಾರಿಯೊಂದೇ ಅಲ್ಲ ಓಡಾಡುವುದು.

ಮನುಷ್ಯ, ಪ್ರಾಣಿ, ಪರಿಸರ ಮೂರರ ಆರೋಗ್ಯವೂ ಒಂದೇ ಅಂತ ಹೇಳುವುದಕ್ಕೆ ಈಗ ‘ವನ್ ಹೆಲ್ತ್’ ಅಂತ ಹೆಸರಿಟ್ಟಿದ್ದಾರೆ. ಕೇಂದ್ರ ಪಶುಸಂಗೋಪನಾ ಇಲಾಖೆ ಇದರ ಪ್ರಾಯೋಗಿಕ ಯೋಜನೆಯನ್ನು 2022ರ ಜೂನ್ 28ರಂದು ಬೆಂಗಳೂರಿನಲ್ಲಿ ಶುರು ಮಾಡಿತು. ಕರ್ನಾಟಕ ಮತ್ತು ಉತ್ತರಾಖಂಡ ಅದಕ್ಕೆ ಆಯ್ಕೆಯಾದ ರಾಜ್ಯಗಳು. ಹೆಸರು ಹೊಸದು, ಸಂಗತಿ ಹಳೆಯದು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಸತ್ತದ್ದು ಮಂಗಗಳು, ಆಮೇಲೆ ಜನ. 1982-83ರಲ್ಲಿ ಅದೇ ಮಂಗನ ಕಾಯಿಲೆ ನಮ್ಮ ಬೆಳ್ತಂಗಡಿಯ ನಿಡ್ಲೆ ಕಡೆ ಬಂದಾಗ ಏನಾಯಿತು ಅಂತ ಆ ಭಾಗದ ಹಿರಿಯರನ್ನು ಕೇಳಿ ನೋಡಿ. ಮಂಗಗಳ ಸಾವು ಕಂಡ ತಕ್ಷಣ ಎಚ್ಚರ ಆಗಬೇಕು ಅಂತ ಆ ಹಳ್ಳಿಗಳಿಗೆ ಯಾವ ವಿಜ್ಞಾನಿಯೂ ಹೇಳಬೇಕಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕುಗಳನ್ನು ಸುತ್ತಿದರೆ ಈ ಮೂರೂ ಹೇಗೆ ಹೆಣೆದುಕೊಂಡಿವೆ ಅಂತ ಕಾಣುತ್ತದೆ. ಶಿರಾದ ಕಗ್ಗಲಡು ಎಂಬ ಹಳ್ಳಿಯಲ್ಲಿ ಮನೆಗಳ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮರದ ಕೆಳಗೇ ಕೋಳಿ, ಕುರಿ, ಮಕ್ಕಳು. ಮಧುಗಿರಿಯ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಇದೆ. ಸುತ್ತಮುತ್ತಲಿನ ಕುರಿ ಹಿಂಡುಗಳಿಗೂ ಜಿಂಕೆಗಳಿಗೂ ಮೇವು ಒಂದೇ, ನೀರು ಒಂದೇ. ಪಿಪಿಆರ್ ಎಂಬ ಕುರಿ ರೋಗ ಅಂಥ ಕಾಡು ಪ್ರಾಣಿಗಳಿಗೂ ಬರುತ್ತದೆ. 1987ರಲ್ಲಿ ತಮಿಳುನಾಡಿನಲ್ಲಿ ಮೊದಲು ಕಂಡ ಆ ರೋಗವನ್ನು 2030ರ ಒಳಗೆ ಪ್ರಪಂಚದಿಂದಲೇ ತೆಗೆಯಬೇಕು ಅಂತ ಗುರಿ ಇದೆ. ಅದರ ಅಣ್ಣನಂತಿದ್ದ ದೊಡ್ಡರೋಗವನ್ನು 2011ರಲ್ಲಿ ಪೂರ್ತಿ ತೆಗೆದೂ ಆಗಿದೆ. ಆದ್ದರಿಂದ ಆಗದ ಕೆಲಸವೇನಲ್ಲ.

2024ರ ಜೂನ್‌ನಲ್ಲಿ ಮಧುಗಿರಿ ತಾಲೂಕಿನ ಚಿನ್ನೇನಹಳ್ಳಿಯಲ್ಲಿ ಜಾತ್ರೆ ಮುಗಿಯುತ್ತಲೇ ವಾಂತಿಭೇದಿ ಶುರುವಾಗಿ ಸಾವುಗಳಾದವು. ಕುಡಿಯುವ ನೀರಿನ ಮೇಲೆ ಎಲ್ಲರ ಕಣ್ಣು ಬಿತ್ತು. ಮರು ವರ್ಷ ಆಗಸ್ಟ್ ಮೊದಲ ವಾರ ಅದೇ ತಾಲೂಕಿನ ಹನುಮಂತಪುರದಲ್ಲಿ ಇಪ್ಪತ್ತರಷ್ಟು ನವಿಲುಗಳು ಸತ್ತು ಬಿದ್ದವು. ಅದೇ 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಹಕ್ಕಿಜ್ವರ ಪತ್ತೆಯಾಗಿತ್ತು, ಮಧುಗಿರಿಗೆ ಅದೇನೂ ದೂರವಲ್ಲ. ನೀರಿನ ಕಾಯಿಲೆ ಒಂದು, ನವಿಲಿನ ಸಾವು ಇನ್ನೊಂದು, ಕೋಳಿಯದ್ದು ಮತ್ತೊಂದು. ಒಂದಕ್ಕೊಂದು ಸಂಬಂಧ ಇದೆ ಅಂತ ನಾವು ಹೇಳುತ್ತಿಲ್ಲ. ವಿಷವೋ ರೋಗವೋ, ರೋಗವಾದರೆ ಯಾವುದು ಅಂತ ಬೇಗ ಹೇಳುವವರು ಪ್ರತಿ ಸಲವೂ ಬೇಕಾಗುತ್ತಾರೆ. ಅಷ್ಟೇ ನಮ್ಮ ಮಾತು. ಹೈಟಿ ದೇಶಕ್ಕೆ 2010ರಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತರು. ಅಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾ ನೇಪಾಳದ್ದಕ್ಕೆ ಹೊಂದುತ್ತದೆ ಅಂತ ಜೀನೋಮ್ ಓದಿದ ಮೇಲೆ ಗೊತ್ತಾಯಿತು. ನೇಪಾಳದಿಂದ ಬಂದ ವಿಶ್ವಸಂಸ್ಥೆಯ ಶಾಂತಿಪಡೆಯ ಶಿಬಿರದ ಮಲಿನ ನೀರು ಹೊಳೆಗೆ ಸೇರಿತ್ತು. ಜೀನೋಮ್ ಓದದೆ ಇದ್ದಿದ್ದರೆ ಬಡ ಜನರ ಮೇಲೆಯೇ ‘ಶುಚಿ ಇಲ್ಲ’ ಅಂತ ದೂರು ಬೀಳುತ್ತಿತ್ತು.

ಕೊರೋನಾ ಕಾಲದಲ್ಲಿ ಈ ಕೆಲಸ ಎಷ್ಟು ಬೇಗ ಆಗಬಹುದು ಅಂತ ಬೆಂಗಳೂರೇ ತೋರಿಸಿತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಹತ್ತು ಪ್ರಯೋಗಾಲಯಗಳನ್ನು ಸೇರಿಸಿ ‘ಇನ್ಸಾಕಾಗ್’ ಎಂಬ ಜಾಲ ಕಟ್ಟಿತು. ಬೆಂಗಳೂರಿನಿಂದ ನಿಮ್ಹಾನ್ಸ್ ಮತ್ತು ಇನ್‌ಸ್ಟೆಮ್ ಅದರಲ್ಲಿದ್ದವು. ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಪ್ರಕಟವಾದದ್ದು ಬೆಂಗಳೂರಿನಿಂದಲೇ. ಆ ವೈರಸ್ಸಿನ ಬರಹ ಸುಮಾರು 30,000 ಅಕ್ಷರ, ಮನುಷ್ಯನದ್ದು 300 ಕೋಟಿ. ನಮ್ಮ ಜನರ ಬರಹವನ್ನೂ ಓದಿಯಾಗಿದೆ: ಐಐಎಸ್ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಮುಂದಾಳಾಗಿ, ಒಟ್ಟು 20 ಸಂಸ್ಥೆಗಳು ಸೇರಿ ಮಾಡಿದ ‘ಜೀನೋಮ್ ಇಂಡಿಯಾ’ ಯೋಜನೆಯ 10,000 ಭಾರತೀಯರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು.

ಹಾಗಾದರೆ ಕಲಿಯುವುದು ಎಲ್ಲಿ, ಕಲಿಯುವುದಾದರೂ ಏನು? ನಾವು ಬಿಳಿ ಕೋಟು, ಗಾಜಿನ ಕೊಳವೆ ಅಂತ ಅಂದುಕೊಂಡಿದ್ದೆವು. ಅದು ಅರ್ಧ ಮಾತ್ರ. ಮೊದಲು ಮಾದರಿ ತೆಗೆಯುವುದನ್ನು ಕಲಿಯಬೇಕು. ಯಾವ ದಿನದ ಜ್ವರದಲ್ಲಿ ರಕ್ತ ತೆಗೆಯಬೇಕು, ಯಾವ ಶೀಶೆಯಲ್ಲಿ, ಎಷ್ಟು ತಂಪಿನಲ್ಲಿ, ಮೇಲೆ ಏನು ಬರೆಯಬೇಕು. ಇದು ಕೆಟ್ಟರೆ ಮುಂದಿನ ಎಲ್ಲವೂ ಕೆಟ್ಟಂತೆ. ಆಮೇಲೆ ಅದರಿಂದ ಡಿಎನ್‌ಎ ಅಥವಾ ಆರ್‌ಎನ್‌ಎ ಬೇರ್ಪಡಿಸಿ ಯಂತ್ರಕ್ಕೆ ಕೊಡುವುದು. ಈಗ ಅಂಗೈಯಗಲದ ಯಂತ್ರಗಳೂ ಬಂದಿವೆ, ಲ್ಯಾಪ್‌ಟಾಪಿಗೆ ಚುಚ್ಚಿದರೆ ಸಾಕು. 2015ರಲ್ಲಿ ಗಿನಿ ದೇಶದಲ್ಲಿ ಎಬೋಲಾ ಹಬ್ಬಿದಾಗ ಯುವ ಸಂಶೋಧಕರು ಅಂಥ ಪುಟ್ಟ ಪ್ರಯೋಗಾಲಯವನ್ನು ವಿಮಾನದ ಲಗೇಜಿನಲ್ಲಿ ಹಾಕಿಕೊಂಡು ಹೋಗಿದ್ದರು. ಯಂತ್ರ ಓದಿ ಕೊಟ್ಟ ಮೇಲೆ ಉಳಿದ ಅರ್ಧ ಕೆಲಸ ಕಂಪ್ಯೂಟರಿನದ್ದು. ಲಕ್ಷಾಂತರ ತುಣುಕುಗಳನ್ನು ಜೋಡಿಸಿ, ಹಳೆಯದರ ಜೊತೆ ಹೋಲಿಸಿ, ವಂಶವೃಕ್ಷ ಬರೆಯುವುದು. ಇಲ್ಲಿ ಬಯಾಲಜಿ ಓದಿದ ಹುಡುಗಿಗೂ ಬಿಸಿಎ ಓದಿದ ಹುಡುಗನಿಗೂ ಜಾಗ ಇದೆ. ಮನೆಯಿಂದ ದೂರ ಕಳುಹಿಸಲು ಹಿಂಜರಿಯುವ ಮನೆಗಳು ಈ ಮಾತನ್ನು ಗಮನಿಸಬೇಕು.

ಬೆಂಗಳೂರಿನ ಉತ್ತರಕ್ಕೆ, ಅಂದರೆ ಮಧುಗಿರಿ ಕೊರಟಗೆರೆ ಕಡೆಗೆ ಹೋಗುವ ಭಾಗದಲ್ಲೇ ದೊಡ್ಡ ದೊಡ್ಡ ಸಂಸ್ಥೆಗಳಿವೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು, ಅಲ್ಲೇ ರಾಜ್ಯದ ಕುರಿ ದನಗಳಿಗೆ ಲಸಿಕೆ ತಯಾರಿಸುವ ಸಂಸ್ಥೆ. ಯಲಹಂಕದಲ್ಲಿ ‘ನಿವೇದಿ’. ಜಾನುವಾರು ರೋಗ ಎಲ್ಲಿ ಬರಬಹುದು ಅಂತ ಎರಡು ತಿಂಗಳು ಮೊದಲೇ ಜಿಲ್ಲಾವಾರು ಮುನ್ಸೂಚನೆ ಕೊಡುವ ರಾಷ್ಟ್ರೀಯ ಸಂಸ್ಥೆ ಅದು. ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್. ಎಲೆಕ್ಟ್ರಾನಿಕ್ಸ್ ಸಿಟಿಯ ‘ಐಬ್ಯಾಬ್’ ಬಯೋಇನ್ಫರ್ಮ್ಯಾಟಿಕ್ಸ್ ಕಲಿಸಲೆಂದೇ ಇರುವ ಸಂಸ್ಥೆ.

ಎನ್‌ಸಿಬಿಎಸ್ ಬಗ್ಗೆ ಒಂದು ಮಾತು. ಅದನ್ನು ಕಟ್ಟಿದವರು ಉಬೈದ್ ಸಿದ್ದೀಕಿ. 1932ರಲ್ಲಿ ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ ಹುಟ್ಟಿ, ಅಲಿಗಢದಲ್ಲಿ ಓದಿ, ಗ್ಲಾಸ್ಗೋದಲ್ಲಿ ಪಿಎಚ್‌ಡಿ ಮಾಡಿದವರು. 1962ರಲ್ಲಿ ಹೋಮಿ ಭಾಭಾ ಕರೆದು ಮುಂಬೈಯ ಟಾಟಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರ ವಿಭಾಗ ಶುರು ಮಾಡಿಸಿದರು. ಆಮೇಲೆ ಬೆಂಗಳೂರಿಗೆ ಬಂದು ಈ ಕೇಂದ್ರ ಕಟ್ಟಿದರು. 2006ರಲ್ಲಿ ಪದ್ಮವಿಭೂಷಣ ಬಂತು. 2013ರಲ್ಲಿ ಬೆಂಗಳೂರಿನಲ್ಲೇ ರಸ್ತೆ ಅಪಘಾತದಲ್ಲಿ ತೀರಿಹೋದರು. ನಮ್ಮ ಮಕ್ಕಳ ಸಾಮಾನ್ಯ ಜ್ಞಾನದ ಕ್ವಿಝ್‌ಗಳಲ್ಲಿ ಅಬ್ದುಲ್ ಕಲಾಂ ಹೆಸರು ಬರುತ್ತದೆ, ಸಿದ್ದೀಕಿ ಹೆಸರು ಬಂದದ್ದು ನಾವು ಕಂಡಿಲ್ಲ. ನಾವೂ ಕೇಳಿರಲಿಲ್ಲ ಅನ್ನುವುದು ಬೇರೆ ಮಾತು.

ಕರಾವಳಿಯಲ್ಲೂ ಬಾಗಿಲು ಮುಚ್ಚಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಷ್ಟು ಹಳೆಯದು, ದೇಶದಲ್ಲೇ ಮೊದಲನೆಯದು. ಅಲ್ಲಿ ಇಂದ್ರಾಣಿ ಕರುಣಾಸಾಗರ್ ಮತ್ತು ಇಡ್ಯ ಕರುಣಾಸಾಗರ್ ದಂಪತಿ ಸಿಗಡಿಯ ಬಿಳಿಚುಕ್ಕೆ ವೈರಸ್ಸನ್ನು ಪಿಸಿಆರ್‌ನಲ್ಲಿ ಪತ್ತೆ ಮಾಡುವ ಕೆಲಸ ಮಾಡಿದ್ದರು. ಮರಿ ಬಿಡುವ ಮೊದಲೇ ರೋಗ ಇದೆಯೋ ಇಲ್ಲವೋ ನೋಡಿಕೊಳ್ಳುವುದು ಇದರಿಂದ ಸಾಧ್ಯವಾಯಿತು. ದೇರಳಕಟ್ಟೆಯಲ್ಲಿ ನಿಟ್ಟೆ ಮತ್ತು ಯೆನೆಪೋಯ ವಿಶ್ವವಿದ್ಯಾನಿಲಯಗಳ ಸಂಶೋಧನಾ ಕೇಂದ್ರಗಳಿವೆ. ಆಸ್ಪತ್ರೆಗೆ ಹೋಗುವಾಗ ಬಸ್ಸಿನಿಂದ ನಾವು ದಿನಾ ನೋಡುವ ಕಟ್ಟಡಗಳೇ. ಒಳಗೆ ಹೀಗೊಂದು ಕೆಲಸ ನಡೆಯುತ್ತದೆ ಅಂತ ಎಷ್ಟು ಮನೆಗಳಿಗೆ ಗೊತ್ತು?

ಹಣದ ಮಾತು ಬಿಟ್ಟರೆ ಲೇಖನ ಅರ್ಧವಾಗುತ್ತದೆ. ನಮ್ಮ ಮನೆಗಳಲ್ಲಿ ಲೆಕ್ಕ ಸರಳ. ನೀಟ್ ಬರೆದು ಸೀಟು ಸಿಕ್ಕಿದರೆ ಡಾಕ್ಟರ್, ಸಿಗದಿದ್ದರೆ ಹುಡುಗನಿಗೆ ಗಲ್ಫ್, ಹುಡುಗಿಗೆ ಮದುವೆ. ನಡುವಿನ ದಾರಿಯ ಖರ್ಚು ಆದಾಯ ಯಾರೂ ಹೇಳಿಕೊಡುವುದಿಲ್ಲ. ಐಐಟಿಯ ‘ಜಾಮ್’, ಜೈವಿಕ ತಂತ್ರಜ್ಞಾನ ಇಲಾಖೆಗೆ ಸೇರಿದ ‘ಗ್ಯಾಟ್-ಬಿ’ ಪರೀಕ್ಷೆ ಬರೆದರೆ ಒಳ್ಳೆಯ ಕಡೆ ಎಂಎಸ್ಸಿಗೆ ದಾರಿ. ಎಂಎಸ್ಸಿ ನಂತರ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕಿದರೆ ಸಂಶೋಧನೆ ಮಾಡುತ್ತಾ ತಿಂಗಳಿಗೆ 37,000 ರೂಪಾಯಿ, 2023ರ ಜನವರಿಯಿಂದ ಹೆಚ್ಚಿದ ಮೊತ್ತ ಅದು. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು 2022ರ ಕೊನೆಗೆ ಕೇಂದ್ರ ನಿಲ್ಲಿಸಿತು. ಜೆಆರ್‌ಎಫ್ ಅಂಚಿನಲ್ಲಿ ತಪ್ಪಿದವರನ್ನು ಅದು ಹಿಡಿದು ನಿಲ್ಲಿಸುತ್ತಿತ್ತು. ಆ ಜಾಗವನ್ನು ಜಮಾಅತ್‌ಗಳು, ಗಲ್ಫಿನ ನಮ್ಮ ಸಂಘಟನೆಗಳು ತುಂಬಬಹುದಲ್ಲವಾ? ಮೆಡಿಕಲ್ ಸೀಟಿಗೆ ಕೊಡುವ ಸಹಾಯದಲ್ಲಿ ಹತ್ತರಲ್ಲಿ ಒಂದು ಪಾಲು ಸಾಕು.

ಇನ್ನೊಂದು ಸಂಗತಿ ನಮ್ಮನ್ನು ಕಾಡುತ್ತದೆ. ಬೆಂಗಳೂರಿನಲ್ಲಿ ಯಂತ್ರ ಎಷ್ಟಿದ್ದರೂ ಶಿರಾದ ರೊಪ್ಪದಿಂದ ಶೀಶೆ ಅಲ್ಲಿಗೆ ತಲುಪಬೇಕಲ್ಲ? ನೂರು ಚಿಲ್ಲರೆ ಕಿಲೋಮೀಟರು ದೂರ. ತಾಲೂಕಿನ ಪಶುವೈದ್ಯರಿಗೆ ಹತ್ತಾರು ಹಳ್ಳಿ, ನೂರಾರು ಕೆಲಸ. ಅಜ್ಜನ ಕುರಿಯ ರಕ್ತ ಎಲ್ಲಿ ನಿಂತಿತು ಅಂತ ಹುಡುಕಿ ಒಬ್ಬರನ್ನು ದೂರುವ ಮನಸ್ಸು ನಮಗಿಲ್ಲ. ಆದರೆ ನಡುವೆ ಒಬ್ಬ ಬೇಕಿತ್ತು. ಮಾದರಿ ತೆಗೆಯಲು ಬರುವವನು, ಐಸಿನ ಬೆಲೆ ಗೊತ್ತಿರುವವನು, ಫಲಿತಾಂಶ ಬಂದ ಮೇಲೆ ಅಜ್ಜನ ಭಾಷೆಯಲ್ಲಿ ಹೇಳುವವನು. ಅಂಥವನು ಪಾವಗಡದ ಕುರಿಗಾಹಿಯ ಮಗನೇ ಆಗಿದ್ದರೆ ಇನ್ನೂ ಒಳ್ಳೆಯದು. ನೈಜೀರಿಯಾದಲ್ಲಿ ಎಡೆ ಎಂಬ ಊರಿದೆ. ಕ್ರಿಶ್ಚಿಯನ್ ಹ್ಯಾಪಿ ಎಂಬ ವಿಜ್ಞಾನಿ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಒಂದು ಜೀನೋಮಿಕ್ಸ್ ಕೇಂದ್ರ ಕಟ್ಟಿ ಆಫ್ರಿಕಾದ ಯುವಕ ಯುವತಿಯರಿಗೇ ಕಲಿಸಿದರು. 2020ರ ಮಾರ್ಚ್‌ನಲ್ಲಿ ಆಫ್ರಿಕಾ ಖಂಡದಲ್ಲೇ ಮೊದಲು ಕೊರೋನಾ ಜೀನೋಮ್ ಓದಿದ್ದು ಆ ಕೇಂದ್ರ. ಮಾದರಿಗಳನ್ನು ಲಂಡನ್ನಿಗೋ ಅಮೆರಿಕಕ್ಕೋ ಕಳುಹಿಸಿ ಕಾಯಬೇಕಾಗಲಿಲ್ಲ.

ತಂಗಿಯ ಮಗಳ ವಿಷಯಕ್ಕೆ ಬರುತ್ತೇವೆ. ಮನೆಯಲ್ಲಿ ಒಂದು ತಿಂಗಳು ಮಾತುಕತೆ ನಡೆಯಿತು. ಅವಳ ಉಪ್ಪ ದುಬೈಯಿಂದ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, ‘ಕುರಿಯ ಜ್ವರ ನೋಡಲು ಎಂಎಸ್ಸಿ ಬೇಕಾ?’ ಉಮ್ಮನಿಗೆ ಹಾಸ್ಟೆಲಿನ ಚಿಂತೆ. ಒಂದು ಸಂಬಂಧವೂ ಬಂದಿತ್ತು. ನಾವು ಉಸ್ತಾದರಲ್ಲವಾ, ಸರಿ ತಪ್ಪು ಹೇಳಬೇಕು ಅಂತ ಎಲ್ಲರೂ ನಮ್ಮ ಮುಖ ನೋಡಿದರು. ನಾವು ಆ ಮಾಂಸದಂಗಡಿಯ ಸಂಬಂಧಿಯ ಎರಡು ವರ್ಷದ ಜ್ವರವನ್ನು ನೆನಪಿಸಿದೆವು, ಅಷ್ಟೆ. ಅವಳ ಉಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಫೀಸ್ ಎಷ್ಟಂತೆ?’ ಅಂದರು. ಈಗ ಪರೀಕ್ಷೆಗೆ ಅರ್ಜಿ ಹಾಕಿ ಓದುತ್ತಿದ್ದಾಳೆ. ಸಿಗುತ್ತದೋ ಇಲ್ಲವೋ ನೋಡಬೇಕು. ಸಂಬಂಧದವರು ಎರಡು ವರ್ಷ ಕಾಯುವುದಿಲ್ಲ ಅಂತ ಹೇಳಿ ಹೋದರು.

ಮೊನ್ನೆ ಸಂಜೆ ಕಾಕನ ಫೋನಿನಿಂದ ಅವಳು ಶಿರಾದ ಅಜ್ಜನಿಗೆ ಮಾತಾಡಿದಳು. ಈ ಸಲ ಮಳೆ ಮುಗಿಯುವ ಹೊತ್ತಿಗೆ ಯಾವುದಾದರೂ ಕುರಿಗೆ ಜ್ವರ ಬಂದರೆ, ಸಾಯುವ ತನಕ ಕಾಯದೆ, ಮುಖ ಊದಿದ ದಿನವೇ ಡಾಕ್ಟರರನ್ನು ಕರೆದು ರಕ್ತ ತೆಗೆಸಬೇಕು, ಶೀಶೆಯನ್ನು ಐಸ್ ಪೆಟ್ಟಿಗೆಯಲ್ಲಿಡಬೇಕು, ಆದರೆ ರಕ್ತ ಗಡ್ಡೆಗಟ್ಟುವಂತೆ ಫ್ರೀಜರಿಗೆ ಹಾಕಬಾರದು ಅಂತ ವಿವರಿಸಿದಳು. ರೊಪ್ಪದ ಹತ್ತಿರ ಹಿಕ್ಕೆ ಒದ್ದೆಯಾಗಿ ನಿಲ್ಲದ ಹಾಗೆ ನೋಡಿಕೊಳ್ಳಬೇಕು ಅಂತಲೂ ಹೇಳಿದಳು. ಅಜ್ಜ ಎಲ್ಲ ಕೇಳಿ, ‘ಆಯ್ತು ಕಣವ್ವ. ಶೀಶೆ ಎಲ್ಲಿಗೋತು ಅಂತ ಈ ಸಲ ನೀನೇ ಕೇಳ್ಬೇಕು’ ಅಂದರಂತೆ. ಫೋನಿಟ್ಟ ಮೇಲೆ ಅವಳು ಕ್ಯಾಲೆಂಡರಿನ ಅಕ್ಟೋಬರ್ ಹಾಳೆಯ ಮೇಲೆ ಅಜ್ಜನ ನಂಬರ್ ಬರೆದಿಟ್ಟಳು.